ಗುಜರಿಗೆ ಹೋಗದ ಮರದ ಬೋಟ್

ಹಳೆಯ ಮೀನುಗಾರಿಕೆ ಬೋಟನ್ನು ಒಡೆದು ಮಾರುವುದೊಂದೇ ದಾರಿಯೇ? ಅಲ್ಲ ಎನ್ನುತ್ತದೆ ‘ಓಪಲ್’.

1951ರಲ್ಲಿ ಜರ್ಮನಿಯ ದಾಮ್‌ಗಾರ್ಟನ್‌ನಲ್ಲಿ ಕಟ್ಟಿದ ಮರದ ಟ್ರಾಲರ್ ಇದು. 1973ರಿಂದ 1981ರವರೆಗೆ ದುರಸ್ತಿ ಮಾಡಿ ಇದನ್ನು ಎರಡು ಕಂಬದ ಹಾಯಿಹಡಗಾಗಿಸಿದರು. ಆಮೇಲೆ ಐಸ್‌ಲ್ಯಾಂಡಿನ ಹೂಸಾವಿಕ್ ಸೇರಿ, ಪ್ರವಾಸಿಗರಿಗೆ ತಿಮಿಂಗಿಲ ತೋರಿಸುವ ಕೆಲಸಕ್ಕಿಳಿಯಿತು. 2015ರಲ್ಲಿ ಬ್ಯಾಟರಿ, ಎಲೆಕ್ಟ್ರಿಕ್ ಮೋಟಾರ್ ಬಂದವು.

ಎಲೆಕ್ಟ್ರಿಕಲ್ ಓದುತ್ತಿರುವ ನನ್ನನ್ನು ಹಿಡಿದದ್ದು ಇದರ ತಂತ್ರ. ಹಾಯಿಗೆ ಗಾಳಿ ತುಂಬಿ ಬೋಟ್ ಸಾಗುವಾಗ ನೀರು ಪ್ರೊಪೆಲ್ಲರ್ ತಿರುಗಿಸುತ್ತದೆ. ಮೋಟಾರೇ ಜನರೇಟರ್ ಆಗಿ ಬ್ಯಾಟರಿ ಚಾರ್ಜ್ ಮಾಡುತ್ತದೆ. ಪುಕ್ಕಟೆಯಲ್ಲ, ವೇಗ ಕೊಂಚ ತಗ್ಗುತ್ತದೆ.

ಅಪ್ಪ ಮಲ್ಪೆಯ ಮೀನುಗಾರ. ಡೀಸೆಲ್ ಖರ್ಚು ಕಳೆದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೆ. ನಮ್ಮ ಮರದ ಬೋಟನ್ನು ಗುಜರಿಗೆ ಕೊಡುವ ಮಾತು ನಡೆದಿದೆ. ಬಲೆ ಎಳೆಯಲು ಹಾಯಿಯ ಬಲ ಸಾಲದು, ನಿಜ. ಪ್ರವಾಸಿಗರನ್ನು ಸುತ್ತಾಡಿಸಲು ಸಾಕಾಗಬಹುದೇ? ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡಿದ್ದೇನೆ. ಮರದ ಸ್ಥಿತಿ, ಬ್ಯಾಟರಿಯ ತೂಕ, ಖರ್ಚು ಎಲ್ಲದರ ಲೆಕ್ಕ ಆಗಬೇಕು.

‘ಲೆಕ್ಕ ತೋರಿಸು ಮಗಾ, ಮಾರುವುದು ಆಮೇಲೆ ನೋಡುವ’ ಎಂದಿದ್ದಾರೆ ಅಪ್ಪ.

ಗೆಳೆಯರೆಲ್ಲ ಕೋಡಿಂಗ್ ಕೋರ್ಸ್ ಸೇರುತ್ತಿದ್ದಾರೆ. ಕೋರ್ ಬ್ರಾಂಚಿನಲ್ಲಿ ಕೆಲಸವೆಲ್ಲಿದೆ ಎನ್ನುವವರು ಒಮ್ಮೆ ನಮ್ಮ ದಕ್ಕೆಗೆ ಬನ್ನಿ.