ಬೆಣಚುಕಲ್ಲಿನಲ್ಲೊಂದು ಕಿಟಕಿ

ಕೊರೋನಾ ಹಬ್ಬಿದ 2020ರ ದಿನಗಳು ಓದುಗರಿಗೆ ನೆನಪಿರಬಹುದು. ಗುತ್ತಲವಿರಲಿ, ಹಾವೇರಿಯಿರಲಿ, ಬ್ಯಾಂಕು, ಆಸ್ಪತ್ರೆ, ಕಚೇರಿ ಎಲ್ಲಿಗೆ ಹೋದರೂ ಬಾಗಿಲಲ್ಲೇ ಒಬ್ಬರು ನಿಂತು ಪಿಸ್ತೂಲಿನಂಥ ಉಪಕರಣವನ್ನು ಹಣೆಗೆ ಹಿಡಿಯುತ್ತಿದ್ದರು. ಮೈ ಮುಟ್ಟುವಂತಿಲ್ಲ, ನಾಲಿಗೆಯ ಕೆಳಗೆ ಪಾದರಸದ ನಳಿಗೆ ಇಡುವಂತಿಲ್ಲ. ಆದರೂ ಕ್ಷಣಮಾತ್ರದಲ್ಲಿ ಮೈಬಿಸಿಯ ಅಂಕಿ ಮೂಡುತ್ತಿತ್ತು. ಮುಟ್ಟದೆಯೇ ಆ ಉಪಕರಣ ಬಿಸಿಯನ್ನು ಅಳೆದದ್ದು ಹೇಗೆ?

ಅದರ ಮೂತಿಯೊಳಗಿನ ಸಂವೇದಕದ ಮುಂದೆ ಪುಟ್ಟದೊಂದು ಕಿಟಕಿ ಇರುತ್ತದೆ. ನಮ್ಮ ಕಣ್ಣಿಗೆ ಅದು ಬೂದು ಬಣ್ಣದ, ಲೋಹದಂತೆ ಹೊಳೆಯುವ ಬಿಲ್ಲೆ. ಅದರಾಚೆ ಏನೂ ಕಾಣದು. ಹಣೆಯಿಂದ ಹೊರಡುವ ಶಾಖಕ್ಕೆ ಮಾತ್ರ ಅದು ತೆರೆದ ಬಾಗಿಲು. ಇಂಥ ಕಿಟಕಿಗಳನ್ನು ಸಾಮಾನ್ಯವಾಗಿ ಮಾಡುವುದು ಸಿಲಿಕಾನ್ ಹರಳಿನಿಂದ. ಕಂಪ್ಯೂಟರಿನ ‘ಚಿಪ್’ ಮತ್ತು ಸೌರಫಲಕಗಳಿಂದ ಮನೆಮಾತಾಗಿರುವ ಸಿಲಿಕಾನ್, ಸದ್ದಿಲ್ಲದೆ ಮಾಡುತ್ತಿರುವ ಇನ್ನೊಂದು ಕೆಲಸ ಇದು.

ಕಣ್ಣಿಗೆ ಕಾಣದ ಈ ಕಿರಣಗಳನ್ನು ಪತ್ತೆ ಹಚ್ಚಿದವರು ವಿಲಿಯಂ ಹರ್ಷೆಲ್. 1800ರಲ್ಲಿ ಅವರು ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಏಳು ಬಣ್ಣಗಳ ಪಟ್ಟಿಯಲ್ಲಿ ಉಷ್ಣಮಾಪಕಗಳನ್ನು ಇಟ್ಟು ನೋಡಿದರು. ಕೆಂಪು ಬಣ್ಣ ಮುಗಿದು, ಏನೂ ಕಾಣದ ಜಾಗದಲ್ಲಿಯೂ ಉಷ್ಣಮಾಪಕ ಏರಿತು. ಕೆಂಪಿನಾಚೆಯ ಈ ಬೆಳಕೇ ಅವಕೆಂಪು, ಅಂದರೆ ಇನ್‌ಫ್ರಾರೆಡ್. ಬಿಸಿಯಿರುವ ಪ್ರತಿಯೊಂದು ವಸ್ತುವೂ ಇದನ್ನು ಸೂಸುತ್ತದೆ. ಮನುಷ್ಯನ ಮೈಯಿಂದ ಹೊರಡುವ ಕಿರಣಗಳ ತರಂಗದೂರ ಸುಮಾರು 9 ಮೈಕ್ರಾನ್ ಆಸುಪಾಸಿನಲ್ಲಿ ಹೆಚ್ಚು. 500 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕಬ್ಬಿಣದ್ದು 4 ಮೈಕ್ರಾನ್‌ಗಿಂತ ತುಸು ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಸ್ವಾರಸ್ಯವೆಂದರೆ ನಮಗೆ ಪಾರದರ್ಶಕವಾದ ಗಾಜು ಈ ಕಿರಣಗಳಿಗೆ ಗೋಡೆ. ಕಿಟಕಿಯ ಗಾಜಿನ ಹಿಂದೆ ನಿಂತವನನ್ನು ಶಾಖದ ಕ್ಯಾಮರಾ ಕಾಣಲಾರದು. ನಮಗೆ ಗೋಡೆಯಂತಿರುವ ಸಿಲಿಕಾನ್ ಅವುಗಳಿಗೆ ಗಾಜು!

ಇದಕ್ಕೆ ಕಾರಣ ಹರಳಿನೊಳಗಿನ ಇಲೆಕ್ಟ್ರಾನುಗಳು. ತಮ್ಮ ಬಂಧ ಬಿಟ್ಟು ಓಡಾಡಬೇಕಾದರೆ ಅವು ಒಂದು ಹೊಸ್ತಿಲನ್ನು ದಾಟಬೇಕು. ಸಿಲಿಕಾನಿನಲ್ಲಿ ಆ ಹೊಸ್ತಿಲಿನ ಎತ್ತರ ಸುಮಾರು 1.1 ಇಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಬೆಳಕಿನ ಕಣಗಳಿಗೆ ಅದಕ್ಕಿಂತ ಹೆಚ್ಚು ಶಕ್ತಿಯಿದೆ. ಅವು ಇಲೆಕ್ಟ್ರಾನನ್ನು ಹೊಸ್ತಿಲು ದಾಟಿಸುವುದರಲ್ಲೇ ಮುಗಿದುಹೋಗುತ್ತವೆ. ಸುಮಾರು 1.1 ಮೈಕ್ರಾನಿಗಿಂತ ದೀರ್ಘವಾದ ಅವಕೆಂಪು ಕಿರಣಗಳಿಗೆ ಅಷ್ಟು ಶಕ್ತಿಯಿಲ್ಲ. ಯಾರನ್ನೂ ಕದಲಿಸಲಾರದೆ ಅವು ನೇರವಾಗಿ ಆಚೆ ಹೋಗಿಬಿಡುತ್ತವೆ.

ಈ ದಾರಿಗೂ ಒಂದು ಕೊನೆಯುಂಟು. 8 ಮೈಕ್ರಾನ್ ದಾಟಿದ ಮೇಲೆ ಹರಳಿನ ಪರಮಾಣುಗಳ ಕಂಪನವೇ ಕಿರಣಗಳನ್ನು ಹೀರತೊಡಗುತ್ತದೆ. ಹರಳಿನಲ್ಲಿ ಆಮ್ಲಜನಕ ಸೇರಿಕೊಂಡಿದ್ದರೆ 9 ಮೈಕ್ರಾನ್ ಬಳಿ ಇನ್ನಷ್ಟು ನಷ್ಟ. ಜ್ವರ ನೋಡುವ ಉಪಕರಣದ ಬಿಲ್ಲೆ ಬಹಳ ತೆಳ್ಳಗಿರುವುದರಿಂದ ಈ ನಷ್ಟ ಬಾಧಿಸುವುದಿಲ್ಲ. ದಪ್ಪನೆಯ ಮಸೂರಕ್ಕೆ ಬಾಧಿಸುತ್ತದೆ. ಆದ್ದರಿಂದ ಸಿಲಿಕಾನ್ ಮಸೂರಗಳ ಮುಖ್ಯ ಕ್ಷೇತ್ರ 3ರಿಂದ 5 ಮೈಕ್ರಾನ್. ಕುಲುಮೆ, ಬೆಂಕಿ, ವಿಮಾನದ ಎಂಜಿನ್ ಮುಂತಾದ ಹೆಚ್ಚು ಬಿಸಿಯ ವಸ್ತುಗಳನ್ನು ಗುರುತಿಸುವ ಕ್ಯಾಮರಾಗಳು ಕೆಲಸ ಮಾಡುವುದು ಈ ಪಟ್ಟಿಯಲ್ಲೇ.

ಇಂಥ ಹರಳಿನ ಮೂಲ ನಮ್ಮ ಹೊಲದ ಬದುವಿನಲ್ಲೂ ಬಿದ್ದಿರುವ ಬೆಣಚುಕಲ್ಲು. ಬೆಣಚನ್ನು ಇದ್ದಿಲು, ಕಲ್ಲಿದ್ದಲಿನೊಂದಿಗೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಶೇ. 98-99ರಷ್ಟು ಶುದ್ಧವಾದ ಸಿಲಿಕಾನ್ ಸಿಗುತ್ತದೆ. ಅಷ್ಟು ಸಾಲದು. ಕಲ್ಮಷಗಳಿಂದ ಬಿಡುಗಡೆಯಾಗುವ ಇಲೆಕ್ಟ್ರಾನುಗಳು ಅವಕೆಂಪನ್ನು ನುಂಗುತ್ತವೆ. ಆದ್ದರಿಂದ ಅದನ್ನು ಟ್ರೈಕ್ಲೋರೋಸಿಲೇನ್ ಎಂಬ ದ್ರವವಾಗಿ ಮಾರ್ಪಡಿಸಿ, ಮತ್ತೆ ಮತ್ತೆ ಭಟ್ಟಿ ಇಳಿಸಿ, ಕಾದ ಸರಳುಗಳ ಮೇಲೆ ಅತಿಶುದ್ಧ ಸಿಲಿಕಾನಾಗಿ ಕೂರಿಸುತ್ತಾರೆ.

ಬಳಿಕ ಅದನ್ನು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಸಣ್ಣದೊಂದು ‘ಬೀಜ’ದ ಹರಳನ್ನು ಅದರ ಮೇಲ್ಮೈಗೆ ತಾಗಿಸಿ, ತಿರುಗಿಸುತ್ತ ನಿಧಾನವಾಗಿ ಮೇಲೆತ್ತುತ್ತಾರೆ. ಬೀಜದ ಕೆಳಗೆ ಕಂಬದಂಥ ಒಂದೇ ಹರಳು ಬೆಳೆಯುತ್ತದೆ. 1916ರಲ್ಲಿ ಈ ವಿಧಾನ ಕಂಡುಹಿಡಿದ ಪೋಲೆಂಡಿನ ಯಾನ್ ಚೋಖ್ರಾಲ್‌ಸ್ಕಿ, ಮಸಿಕುಡಿಕೆಯೆಂದು ಭ್ರಮಿಸಿ ಕರಗಿದ ತವರದಲ್ಲಿ ಲೇಖನಿ ಅದ್ದಿಬಿಟ್ಟರೆಂಬ ಕಥೆ ಪ್ರಸಿದ್ಧ. ಕರಗಿದ ಸಿಲಿಕಾನ್ ತುಂಬುವ ಮೂಸೆ ಬೆಣಚಿನದೇ ಆದ್ದರಿಂದ ಅದರ ಆಮ್ಲಜನಕ ಹರಳಿಗೆ ಇಳಿಯುತ್ತದೆ. ಇದೂ ಬೇಡವೆನಿಸಿದಾಗ ಮೂಸೆಯಿಲ್ಲದೆಯೇ, ಸರಳಿನ ಒಂದೊಂದೇ ಭಾಗವನ್ನು ವಿದ್ಯುತ್ ಸುರುಳಿಯಿಂದ ಕರಗಿಸುತ್ತ ಸಾಗುವ ವಿಧಾನವನ್ನು ಬಳಸುತ್ತಾರೆ.

ಹರಳನ್ನು ಕೊಯ್ದು ನಯಗೊಳಿಸಿದರೂ ಕೆಲಸ ಮುಗಿಯದು. ಸಿಲಿಕಾನಿನ ವಕ್ರೀಭವನಾಂಕ ಸುಮಾರು 3.4. ಗಾಜಿನದು 1.5 ಮಾತ್ರ. ಹೀಗಾಗಿ ತೆಳುವಾದ ಮಸೂರವೂ ಕಿರಣಗಳನ್ನು ಚೆನ್ನಾಗಿ ಬಗ್ಗಿಸಬಲ್ಲದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದೊಂದು ಮುಖದಲ್ಲೂ ಶೇ. 30ರಷ್ಟು ಕಿರಣ ಪ್ರತಿಫಲಿಸಿ ಹಿಂದಕ್ಕೆ ಹೋಗುತ್ತದೆ. ಎರಡು ಮುಖ ದಾಟುವಷ್ಟರಲ್ಲಿ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಕನ್ನಡಕದ ಗಾಜಿಗೆ ಹೊಳಪು ತಡೆಯುವ ಲೇಪ ಹಾಕುವಂತೆ ಇದಕ್ಕೂ ತೆಳುಪದರಗಳ ಲೇಪ ಹಾಕಿದರೆ ಈ ನಷ್ಟದ ಬಹುಭಾಗ ತಪ್ಪುತ್ತದೆ.

ಹೀಗೆ ಮಸೂರ ತಿಕ್ಕುವ, ಲೇಪ ಹಾಕುವ ಕಲೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1975ರಲ್ಲಿ ಕಕ್ಷೆಗೆ ಸೇರಿದ ‘ಆರ್ಯಭಟ’ ಉಪಗ್ರಹ ಸಿದ್ಧವಾದ ಬೆಂಗಳೂರಿನ ಪೀಣ್ಯದಲ್ಲಿಯೇ ಇಸ್ರೋದ ಲಿಯೋಸ್ ಪ್ರಯೋಗಾಲಯವಿದೆ. ಭೂಮಿ ಸೂಸುವ ಅವಕೆಂಪನ್ನು ಗ್ರಹಿಸಿ ಉಪಗ್ರಹಕ್ಕೆ ದಿಕ್ಕು ತೋರಿಸುವ ಸಂವೇದಕಗಳು, ಹವಾಮಾನ ಉಪಗ್ರಹಗಳಿಗೆ ಬೇಕಾದ ದೃಕ್ ಭಾಗಗಳು ಅಲ್ಲಿ ರೂಪುಗೊಳ್ಳುತ್ತವೆ. ಬ್ಯಾಡಗಿ ಮೆಣಸಿನಕಾಯಿಯನ್ನು ಕಣದಲ್ಲಿ ಹರವಿದ ರೈತನಿಗೆ ರಾತ್ರಿ ಮೋಡ ಕವಿಯುವುದೋ ಎಂಬ ಚಿಂತೆ. ಕತ್ತಲಲ್ಲೂ ಮೋಡವನ್ನು ಕಾಣುವುದು ಇನ್‌ಸ್ಯಾಟ್ ಉಪಗ್ರಹಗಳ ಅವಕೆಂಪು ಕಣ್ಣೇ. 2024ರ ಫೆಬ್ರುವರಿ 17ರಂದು ಹಾರಿದ ಇನ್‌ಸ್ಯಾಟ್-3ಡಿಎಸ್ ಈ ಸಾಲಿನದು.

ಮೋಡದ ಶಾಖವನ್ನು ಅಳೆಯುವುದು ಮುಖ್ಯವಾಗಿ 10ರಿಂದ 12 ಮೈಕ್ರಾನ್ ಪಟ್ಟಿಯಲ್ಲಿ. ಅಲ್ಲಿ ಸಿಲಿಕಾನಿನ ಆಟ ನಡೆಯದು. ಆ ಪಟ್ಟಿಯ ಮಸೂರಗಳಿಗೆ ಹೆಸರಾದದ್ದು ಅದರ ಅಣ್ಣ ಜರ್ಮೇನಿಯಂ. ಅಣ್ಣ ದುಬಾರಿ, ತೂಕ ಎರಡು ಪಟ್ಟಿಗಿಂತ ಹೆಚ್ಚು. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅವನ ಪಾರದರ್ಶಕತೆಯೇ ಕುಂದುತ್ತದೆ. ಮೇಲಾಗಿ ಜರ್ಮೇನಿಯಂ ಉತ್ಪಾದನೆಯಲ್ಲಿ ಮುಂದಿರುವ ಚೀನಾ 2023ರ ಆಗಸ್ಟ್‌ನಿಂದ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಂದಿನಿಂದ ಸಾಧ್ಯವಿರುವೆಡೆ ಸಿಲಿಕಾನ್ ಬಳಸುವ ಮಾತಿಗೆ ಬೆಲೆ ಹೆಚ್ಚಿದೆ. ಭೂಮಿಯ ಹೊರಪದರದ ಕಾಲು ಭಾಗಕ್ಕಿಂತ ಹೆಚ್ಚು ತೂಕ ಸಿಲಿಕಾನಿನದೇ. ಅದಕ್ಕೆ ಬರವೆಲ್ಲಿ?

ಬರವಿರುವುದು ಕಲ್ಲಿಗಲ್ಲ, ಶುದ್ಧತೆಗೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ.ಆರ್. ವಾಸುದೇವ ಮೂರ್ತಿ ಮತ್ತು ಸಂಗಡಿಗರು ಅತಿಶುದ್ಧ ಸಿಲಿಕಾನ್ ತಯಾರಿಸುವ ವಿಧಾನವನ್ನು ದೇಶದಲ್ಲೇ ರೂಪಿಸಿದರು. ತಮಿಳುನಾಡಿನ ಮೆಟ್ಟೂರಿನ ಮೆಟ್‌ಕೆಮ್ ಕಾರ್ಖಾನೆ ಅದನ್ನು ಕೈಗೆತ್ತಿಕೊಂಡಿತು. ಅದೇ ಹೊತ್ತಿಗೆ ಅಮೆರಿಕದ ಹೆಮ್ಲಾಕ್ ಕಂಪನಿಯ ತಂತ್ರಜ್ಞಾನ ತರುವ ಸರ್ಕಾರಿ ಯೋಜನೆ ಎದ್ದಿತು. ಸ್ವದೇಶಿಯೋ ವಿದೇಶಿಯೋ ಎಂಬ ಚರ್ಚೆ ಬಿಸಿಯೇರಿತು. ಇಂದಿಗೂ ಭಾರತ ತನಗೆ ಬೇಕಾದ ಅತಿಶುದ್ಧ ಸಿಲಿಕಾನಿಗೆ ಬಹುಮಟ್ಟಿಗೆ ಹೊರದೇಶಗಳನ್ನೇ ನೆಚ್ಚಿಕೊಂಡಿದೆ. ಮಸೂರ ತಿಕ್ಕುವ ಕೈ ನಮ್ಮಲ್ಲಿದೆ, ಲೇಪ ಹಾಕುವ ವಿದ್ಯೆ ನಮ್ಮಲ್ಲಿದೆ, ಕಲ್ಲಂತೂ ಬೇಕಾದಷ್ಟಿದೆ. ನಡುವಿನ ಮೆಟ್ಟಿಲು ಗಟ್ಟಿಯಾಗಬೇಕು.

ಹಳ್ಳಿಯ ಹುಡುಗರು ಕತ್ತಲಲ್ಲಿ ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಉಜ್ಜಿ ಮಿಂಚು ನೋಡಿ ನಲಿಯುವುದುಂಟು. ಆ ಕಲ್ಲಿನೊಳಗೆ ಕತ್ತಲಲ್ಲೂ ಕಾಣಬಲ್ಲ ಕಣ್ಣೊಂದು ಅಡಗಿದೆ ಎಂದು ಅವರಿಗೆ ಯಾರಾದರೂ ಹೇಳಬೇಕು. ಅದನ್ನು ತೆರೆಯುವವರು ಅವರಲ್ಲೇ ಇರಬಹುದು.