ಅಂಗಳದ ಹಳೇ ಮರ ಸೊರಗಿದರೆ ಯಾರನ್ನು ಕೇಳಬೇಕು?

ಕೊಡೈಕಾನಲ್‌ಗೆ ಹೋಗುವ ದಾರಿಯ ಪೆರುಮಾಳ್‌ಮಲೈ ಕಡೆ ವ್ಯಾಪಾರಕ್ಕಾಗಿ ನಾನು ಬಾಡಿಗೆಗೆ ಹಿಡಿದ ಮನೆಯ ಅಂಗಳದಲ್ಲಿ ಎರಡು ದೊಡ್ಡ ಬೆಣ್ಣೆಹಣ್ಣಿನ ಮರಗಳಿದ್ದವು. ನಮ್ಮೂರ ಜ್ಯೂಸ್ ಅಂಗಡಿಗಳಲ್ಲಿ ಬಟರ್‌ಫ್ರೂಟ್ ಅನ್ನುವುದು ಇದನ್ನೇ. ಅಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಜೋರು ಮಳೆ. ಒಂದು ವರ್ಷ ಮಳೆ ನಿಂತ ಮೇಲೆ ಒಂದು ಮರದ ಎಲೆ ಸಣ್ಣದಾಗಿ ಬಣ್ಣಗೆಟ್ಟಿತು, ತುದಿಕೊಂಬೆಗಳು ಒಣಗತೊಡಗಿದವು. ಕಾಯಿ ಮಾತ್ರ ರಾಶಿ, ಆದರೆ ಒಂದೂ ದಪ್ಪ ಆಗಲಿಲ್ಲ. ಔಷಧಿ ಹೊಡೆಯುವವನೊಬ್ಬ ಬಂದು, ಇದು ಹುಳದ ಕಾಟ ಅಂತ ಎರಡು ಸಲ ಸಿಂಪಡಿಸಿ 3,000 ರೂಪಾಯಿ ತೆಗೆದುಕೊಂಡು ಹೋದ. ದುಡ್ಡೂ ಹೋಯಿತು, ಮರವೂ ಸತ್ತಿತು.

ಮರುವರ್ಷ ಎರಡನೇ ಮರದಲ್ಲೂ ಅದೇ ಲಕ್ಷಣ ಕಂಡಾಗ ಮನೆ ಮಾಲಕರು, "ಕಡಿಸಿಬಿಡೋಣ" ಅಂದರು. ನಾನು ಸ್ವಲ್ಪ ತಡೆಯಿರಿ ಅಂತ ಹೇಳಿ, ಈ ಸಲ ತಜ್ಞರನ್ನೇ ಕೇಳಿದೆ. ಪಳನಿ ಬೆಟ್ಟದ ಕೆಳಭಾಗದಲ್ಲಿ ತಾಂಡಿಕುಡಿ ಬಳಿಯ ತಡಿಯನ್‌ಕುಡಿಸೈಯಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಬೆಣ್ಣೆಹಣ್ಣಿನ ಟಿಕೆಡಿ-1 ತಳಿ ಬಂದದ್ದು ಅಲ್ಲಿಂದಲೇ. ಎಲೆಯ ಫೋಟೋ ತೋರಿಸಿದರೆ ಮೊದಲು ಬಂದ ಪ್ರಶ್ನೆ: "ಬೇರು ನೋಡಿದ್ರಾ?"

ನಾನು ನೋಡಿರಲಿಲ್ಲ. ನೆರಳಿನ ಅಂಚಿನಲ್ಲಿ ಗೇಣುದ್ದ ಮಣ್ಣು ಕೆದಕಿದಾಗ, ಬಿಳಿಯಾಗಿರಬೇಕಾದ ಸಣ್ಣ ಬೇರುಗಳು ಕಪ್ಪಾಗಿ, ಹಿಡಿದರೆ ಪುಡಿಯಾಗುತ್ತಿದ್ದವು. ಇದು ಫೈಟಾಫ್ತೋರಾ ಎಂಬ ರೋಗಾಣುವಿನಿಂದ ಬರುವ ಬೇರುಕೊಳೆ. ನಮ್ಮ ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ಬರುವುದೂ ಇದೇ ಕುಲದ ರೋಗಾಣುಗಳಿಂದ. ನೀರು ನಿಂತ ಮಣ್ಣೇ ಇದರ ಮನೆ. ನಮ್ಮಲ್ಲಿ ಬಚ್ಚಲ ನೀರು ನೇರವಾಗಿ ಬುಡಕ್ಕೇ ಹೋಗುತ್ತಿತ್ತು. ರೋಗ ಬೇರಿನಲ್ಲಿ, ನಾವು ಔಷಧಿ ಹೊಡೆಸಿದ್ದು ಎಲೆಗೆ!

ಪರಿಹಾರ ದೊಡ್ಡ ಖರ್ಚಿನದ್ದಲ್ಲ. ನೀರು ಬೇರೆ ಕಡೆ ಹೋಗುವಂತೆ ಕಾಲುವೆ ತೋಡಬೇಕು. ಬುಡದ ಸುತ್ತ ಒಣ ಎಲೆ ಹಾಸಬೇಕು, ಕಾಂಡಕ್ಕೆ ತಾಗಿಸಬಾರದು. ಬುಡ ಅಗೆಯಬಾರದು. ಪೊಟ್ಯಾಸಿಯಂ ಫಾಸ್ಫೊನೇಟ್ ಔಷಧಿಯೂ ಇದೆ, ಆದರೆ ಎಷ್ಟು, ಹೇಗೆ ಅನ್ನುವುದನ್ನು ತಜ್ಞರೇ ಹೇಳಬೇಕು. ಬೇರು ಪೂರ್ತಿ ಹೋದ ಮೇಲೆ ಯಾರು ಬಂದರೂ ಪ್ರಯೋಜನ ಇಲ್ಲ. ಹಾಗಾಗಿ ಲಕ್ಷಣ ಕಂಡ ವಾರದಲ್ಲೇ ಕೇಳಿ.

ಕಡಿಯುವುದಕ್ಕೂ ಕಾನೂನಿದೆ. ತಮಿಳುನಾಡಿನ ಬೆಟ್ಟ ಪ್ರದೇಶಗಳಿಗೆ 1955ರ ಮರ ಸಂರಕ್ಷಣಾ ಕಾಯ್ದೆ ಇದೆ, ಅದು ಖಾಸಗಿ ಜಾಗಕ್ಕೂ ಅನ್ವಯ. ಕರ್ನಾಟಕದಲ್ಲಿ 1976ರ ಕಾಯ್ದೆ ಇದೆ. ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಇಲ್ಲಾಂದ್ರೆ ಮರದ ಜೊತೆ ಕೇಸೂ ಮೈಮೇಲೆ ಬೀಳುತ್ತದೆ.

ಈಗ ನಮ್ಮ ಊರಿನ ವಿಷಯ. ಕರಾವಳಿಯ ನಮ್ಮ ಮನೆಗಳಲ್ಲಿ ಬೆಣ್ಣೆಹಣ್ಣು ಅಪರೂಪ, ಆದರೆ ತೆಂಗು, ಮಾವು, ಹಲಸು ಇಲ್ಲದ ಅಂಗಳ ಕಡಿಮೆ. ಕೇಳುವ ಜಾಗಗಳೂ ಹತ್ತಿರವೇ ಇವೆ. ತೆಂಗಿನ ಸಂಶೋಧನೆ ಕಾಸರಗೋಡಿನಲ್ಲಿ 1916ರಿಂದಲೇ ನಡೆಯುತ್ತಿದೆ. ಅಲ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ (ಸಿಪಿಸಿಆರ್‌ಐ) ವಿಟ್ಲದಲ್ಲೂ ಕೇಂದ್ರವಿದೆ. ಗೇರು ಮರಕ್ಕೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ. ಮಾವು, ಹಲಸಿಗೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲೂಕಿನ ತೋಟಗಾರಿಕೆ ಇಲಾಖೆ. ಹೋಗಲು ಆಗದವರು ಕಿಸಾನ್ ಕಾಲ್ ಸೆಂಟರ್‌ನ 1800-180-1551 ನಂಬರಿಗೆ ಫೋನ್ ಮಾಡಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬರಿಗೈಯಲ್ಲಿ ಹೋಗಬೇಡಿ. ಇಡೀ ಮರ, ಬುಡ, ಎಲೆ ಹೀಗೆ ಮೂರು ಫೋಟೋ ತೆಗೆಯಿರಿ. ಹಿಡಿ ಮಣ್ಣು ಮತ್ತು ಸಣ್ಣ ಬೇರನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ, ಬಿಸಿಲಿಗೆ ಇಡದೆ ಅದೇ ದಿನ ತಲುಪಿಸಿ. ಕಳೆದ ಎರಡು ವರ್ಷಗಳಲ್ಲಿ ಮರದ ಹತ್ತಿರ ಏನೇನು ಕೆಲಸ ಆಗಿದೆ ಅಂತ ಹೇಳಿ: ಕಾಂಕ್ರೀಟ್, ಇಂಟರ್‌ಲಾಕ್, ಪೈಪ್, ಮಣ್ಣು ತುಂಬಿಸಿದ್ದು. ಎಷ್ಟೋ ಸಲ ಕಾರಣ ಇದರಲ್ಲೇ ಇರುತ್ತದೆ. ತೆಂಗಿನ ಕಾಂಡದಲ್ಲಿ ತೂತು, ಕಂದು ರಸ, ಜಗಿದ ನಾರು ಕಂಡರೆ ಕಿವಿಯಿಟ್ಟು ಕೇಳಿ. ಒಳಗೆ ಕೊರೆಯುವ ಸದ್ದಿದ್ದರೆ ಅದು ಕೆಂಪು ಮೂತಿ ಹುಳ, ಒಂದು ದಿನವೂ ತಡ ಮಾಡಬೇಡಿ.

ಒಬ್ಬ ನೆಟ್ಟ ಗಿಡದಿಂದ ಮನುಷ್ಯರೋ ಪಕ್ಷಿ ಪ್ರಾಣಿಗಳೋ ತಿಂದರೆ ಅದು ಅವನಿಗೆ ಸದಖಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅಂಗಳದ ಹಳೇ ಮರವನ್ನು ನೆಟ್ಟವರು ನಮ್ಮ ಹಿರಿಯರು, ಅವರಲ್ಲಿ ಹೆಚ್ಚಿನವರು ಇವತ್ತು ನಮ್ಮ ಜೊತೆ ಇಲ್ಲ. ಆ ಸದಖಾ ನಿಲ್ಲದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ನಮ್ಮ ಎರಡನೇ ಮರ ಪೂರ್ತಿ ಗುಣವಾಗಿಲ್ಲ, ಆದರೆ ಈ ವರ್ಷ ಹೊಸ ಚಿಗುರು ಬಂದಿದೆ. ಮಾಲಕರೂ ಈಗ ಕಡಿಯುವ ಮಾತು ಎತ್ತುತ್ತಿಲ್ಲ.