ಬೈರಿಗೆ ಕೆಡುವುದು ಬೇಸಿಗೆಯಲ್ಲಿ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ, ಕೆನಡಾ ಫಿನ್ಲೆಂಡ್‌ಗಳಲ್ಲಿ ಚಳಿಗಾಲ ಬಂತೆಂದರೆ ಸರೋವರಗಳು ಹೆಪ್ಪುಗಟ್ಟುತ್ತವೆ. ಮೀನು ಹಿಡಿಯುವವರು ಅವುಗಳ ಮೇಲೆಯೇ ನಡೆದುಹೋಗಿ, ಆರೋ ಎಂಟೋ ಅಂಗುಲದ ತೂತು ಕೊರೆದು ಗಾಳ ಇಳಿಬಿಡುತ್ತಾರೆ. ಕೊರೆಯುವ ಸಾಧನದ ಹೆಸರು ಐಸ್ ಆಗರ್. ಬಡಗಿಯ ಬೈರಿಗೆಯನ್ನೇ ಎದೆಮಟ್ಟಕ್ಕೆ ಬೆಳೆಸಿ, ತುದಿಗೆ ಎರಡು ಅಲಗು ಕೂರಿಸಿದಂತಿರುತ್ತದೆ. ಕೈಯಲ್ಲಿ ತಿರುಗಿಸುವುದು, ಪೆಟ್ರೋಲ್ ಎಂಜಿನ್ನಿನದು, ಬ್ಯಾಟರಿಯದು ಎಂದು ಇದರಲ್ಲಿ ಬಗೆಗಳಿವೆ. ಯಾವುದು ಹೆಚ್ಚು ವರ್ಷ ಬಾಳುತ್ತದೆ ಎಂದು ಕೇಳಿದರೆ ಜನ ಎಂಜಿನ್ನಿನ ಬಲವನ್ನೋ ಬೆಲೆಯನ್ನೋ ಮುಂದಿಡುತ್ತಾರೆ. ಆದರೆ ಈ ಯಂತ್ರದ ಆಯುಷ್ಯ ತೀರ್ಮಾನವಾಗುವುದು ಅದು ದುಡಿಯುವ ಮೂರು ನಾಲ್ಕು ತಿಂಗಳಲ್ಲಿ ಅಲ್ಲ, ಮೂಲೆಯಲ್ಲಿ ಸುಮ್ಮನೆ ನಿಂತಿರುವ ಉಳಿದ ತಿಂಗಳುಗಳಲ್ಲಿ.

ಪೆಟ್ರೋಲ್ ಆಗರನ್ನೇ ನೋಡಿ. ಕೊನೆಯ ಬಾರಿ ಬಳಸಿದಾಗ ಉಳಿದ ಇಂಧನ ಕಾರ್ಬ್ಯುರೇಟರಿನಲ್ಲಿ ನಿಧಾನವಾಗಿ ಆವಿಯಾಗಿ, ಅಂಟಿನಂಥ ಪದರವಾಗಿ ಉಳಿಯುತ್ತದೆ. ಇಂಧನ ಹಾಯುವ, ಕೂದಲೆಳೆಯಷ್ಟು ಸಣ್ಣ ತೂತಾದ ಜೆಟ್ ಮುಚ್ಚಿಹೋಗಲು ಅಷ್ಟೇ ಸಾಕು. ಪೆಟ್ರೋಲಿನಲ್ಲಿ ಎಥನಾಲ್ ಇದ್ದರೆ ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಳೆ ಕತ್ತರಿಸುವ ಟೂ-ಸ್ಟ್ರೋಕ್ ಯಂತ್ರವನ್ನು ತಿಂಗಳುಗಟ್ಟಲೆ ಬದಿಗಿಟ್ಟು, ಮತ್ತೆ ಹಗ್ಗ ಎಳೆದೆಳೆದು ಸೋತವರಿಗೆ ಈ ರೋಗ ಗೊತ್ತು. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಟ್ಟರೆ ಬಹುಪಾಲು ತೊಂದರೆ ಬರುವುದೇ ಇಲ್ಲ.

ಹಾಗಾದರೆ ಎಂಜಿನ್ನೇ ಇಲ್ಲದ ಕೈ ಆಗರ್ ಚಿರಂಜೀವಿಯೇ? ಅಲ್ಲ. ಅದರ ಪ್ರಾಣ ಅಲಗಿನಲ್ಲಿದೆ. ಕೊರೆದು ಮುಗಿಸಿ, ಒದ್ದೆ ಅಲಗಿಗೆ ಹಾಗೆಯೇ ಪ್ಲಾಸ್ಟಿಕ್ ಕವಚ ತೊಡಿಸಿಟ್ಟರೆ ತೇವ ಒಳಗೇ ಉಳಿದು ಅಂಚಿಗೇ ತುಕ್ಕು ಹಿಡಿಯುತ್ತದೆ. ಆಮೇಲೆ ಅದು ಮಂಜುಗಡ್ಡೆಯನ್ನು ಕಚ್ಚದೆ ಜಾರುತ್ತದೆ. ಮೈಭಾರ ಹಾಕಿ ಒತ್ತಿದರೂ ಪ್ರಯೋಜನವಿಲ್ಲ, ಕೊರೆಯುವುದು ಅಂಚಿನ ಹರಿತ ಮತ್ತು ಅಲಗಿನ ಕೋನವೇ ಹೊರತು ತೋಳಿನ ಬಲವಲ್ಲ. ಅಂಟಿದ ಮಂಜು ಉದುರಿಸಲೆಂದು ಆಗರನ್ನು ನೆಲಕ್ಕೆ ಕುಟ್ಟುವ ಅಭ್ಯಾಸ ಇನ್ನೂ ಕೆಟ್ಟದ್ದು. ಅಲಗು ಕೂರುವ ತಗಡು ತುಸು ಬಾಗಿದರೂ ಕೋನ ತಪ್ಪುತ್ತದೆ, ಹೊಸ ಅಲಗು ತಂದು ಹಾಕಿದರೂ ಕೊರೆಯುವುದಿಲ್ಲ. ಒರೆಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರುವ ಎರಡು ನಿಮಿಷದ ಕೆಲಸ ಇಲ್ಲಿ ದುಬಾರಿ ಉಕ್ಕಿಗಿಂತ ದೊಡ್ಡದು.

ಹಳೆಯ ಕಾಲದ ಆಗರ್‌ಗಳೇ ಗಟ್ಟಿ, ಮೂವತ್ತು ವರ್ಷದ್ದು ಈಗಲೂ ಕೊರೆಯುತ್ತದೆ ಎಂಬ ಮಾತನ್ನು ತಳ್ಳಿಹಾಕಲಾಗದು. ದಪ್ಪ ಲೋಹ, ಬಿಚ್ಚಿ ರಿಪೇರಿ ಮಾಡಬಹುದಾದ ರಚನೆ ಅವುಗಳ ನಿಜವಾದ ಗುಣ. ಆದರೆ ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡವು ಮಾತ್ರ. ಅದೇ ವರ್ಷ ತಯಾರಾಗಿ ಗುಜರಿಗೆ ಹೋದವನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಉಳಿದವುಗಳ ಹಿಂದೆ ಸಾಮಾನ್ಯವಾಗಿ ಎಚ್ಚರದ ಯಜಮಾನನೊಬ್ಬ ಇರುತ್ತಾನೆ.

ಬ್ಯಾಟರಿ ಆಗರ್‌ನಲ್ಲಿ ಕಾರ್ಬ್ಯುರೇಟರ್ ಇಲ್ಲ, ಹಳಸುವ ಪೆಟ್ರೋಲ್ ಇಲ್ಲ, ಹಾಗಾಗಿ ನನ್ನ ವಾದ ಅದಕ್ಕೆ ತಾಗದು ಎನ್ನಬಹುದು. ತಾಗುತ್ತದೆ, ಬೇರೆ ದಾರಿಯಿಂದ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ತಾತ್ಕಾಲಿಕವಾಗಿ ಕುಗ್ಗುತ್ತದೆ, ಬೆಚ್ಚಗಾದಾಗ ಮರಳುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಮಾತ್ರ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಶಾಶ್ವತ ಹಾನಿಯಾಗುತ್ತದೆ. ಪೂರ್ತಿ ಬರಿದಾದ ಬ್ಯಾಟರಿಯನ್ನು ಬೇಸಿಗೆಯಿಡೀ ಬಿಟ್ಟರೆ ಅದು ಇನ್ನಷ್ಟು ಇಳಿದು, ಚಾರ್ಜರ್ ಅದನ್ನು ಒಪ್ಪಿಕೊಳ್ಳದೆಯೂ ಹೋಗಬಹುದು. ಅರ್ಧದಷ್ಟು ಚಾರ್ಜ್‌ನಲ್ಲಿ, ತಂಪಾದ ಕಡೆ ಇಡುವುದು ಸರಿಯಾದ ಕ್ರಮ.

ಇದೇ ಕಾರಣಕ್ಕೆ, ಮನೆಯ ಕಾರ್ಡ್‌ಲೆಸ್ ಡ್ರಿಲ್ಲಿಗೇ ಹಗುರ ಆಗರ್ ಸಿಕ್ಕಿಸುವ ಪದ್ಧತಿ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಡ್ರಿಲ್ ಮತ್ತು ಬ್ಯಾಟರಿ ವರ್ಷವಿಡೀ ದುಡಿಯುತ್ತವೆ, ಹಾಳಾದರೆ ಮೊದಲೇ ತಿಳಿಯುತ್ತದೆ. ಸಣ್ಣ ಡ್ರಿಲ್ಲಿನ ಗೇರುಗಳು ಈ ಭಾರಕ್ಕೆ ಸವೆಯುತ್ತವೆ ಎಂಬ ಆಕ್ಷೇಪ ನ್ಯಾಯವೇ. ಎಂಟು ಅಂಗುಲದ ತೂತಿನಲ್ಲಿ ತೆಗೆಯಬೇಕಾದ ಮಂಜುಗಡ್ಡೆ ಆರು ಅಂಗುಲದ್ದಕ್ಕಿಂತ ಸುಮಾರು 1.8 ಪಟ್ಟು, ಆದ್ದರಿಂದ ಚಿಕ್ಕ ತೂತಿಗೆ ತೃಪ್ತರಾಗಬೇಕು, ಬಲವಾದ ಡ್ರಿಲ್ಲನ್ನೇ ಆರಿಸಬೇಕು. ಡ್ರಿಲ್ಲಿನ ಬಾಯಿ, ಅಂದರೆ ಚಕ್ಕಿನ ಹಿಡಿತ ಸಡಿಲವಾದರೆ ಆಗರ್ ಜಾರಿ ಸರೋವರದ ತಳ ಸೇರುತ್ತದೆ. ಅದನ್ನು ತಡೆಯಲು ದಂಡದ ಮೇಲ್ತುದಿಗೆ ತೂತಿಗಿಂತ ಅಗಲವಾದ ಬಿಲ್ಲೆಯೊಂದನ್ನು ತೊಡಿಸಿರುತ್ತಾರೆ. ಕೊಳ್ಳುವಾಗ ಅದು ಇದೆಯೇ ಎಂದು ನೋಡಿಕೊಳ್ಳಬೇಕು.